ರಾತ್ರಿ ಎಲ್ಲಿ ಅಂತ ಮೊದಲು, ದಾರಿ ಆಮೇಲೆ: ಯುರೋಪಿನ ನಾಲ್ಕು ದೇಶ ಕಾರಿನಲ್ಲಿ ಸುತ್ತಿದ ಅನುಭವ

ಜರ್ಮನಿಯ ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ತಗೊಂಡು ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ ಸುತ್ತಿ ಮತ್ತೆ ಮ್ಯೂನಿಕ್‌ಗೇ ಬಂದು ಕಾರು ಒಪ್ಪಿಸಿದೆವು. ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ. ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿನೋವು. ದಿನಾ ಬೆಳಗ್ಗೆ ಏಳಕ್ಕೇ ಸೂಟ್‌ಕೇಸ್ ಹೊರಗಿಟ್ಟು ಟೂರ್ ಬಸ್ಸಿಗೆ ಓಡುವುದು ಅವರ ಕೈಲಿ ಆಗದ ಮಾತು. ಅದಕ್ಕೇ ಕಾರು.

ಪ್ಲಾನ್ ಮಾಡಲು ಕೂತಾಗ ನಾನು ನೋಡಬೇಕಾದ ಜಾಗಗಳ ಪಟ್ಟಿ ಮಾಡಲಿಲ್ಲ. ರಾತ್ರಿ ಎಲ್ಲೆಲ್ಲಿ ಮಲಗುತ್ತೇವೆ ಅನ್ನುವುದನ್ನು ಮೊದಲು ಬರೆದೆ. ಒಂದು ಕಡೆ ಕನಿಷ್ಠ ಎರಡು ರಾತ್ರಿ, ಆದಷ್ಟು ಮೂರು. ಇದೊಂದು ಗಟ್ಟಿಯಾದರೆ ದಿನಕ್ಕೆ ಎಷ್ಟು ದೂರ ಓಡಿಸಬೇಕು, ಅಡುಗೆಮನೆ ಎಲ್ಲಿ ಬೇಕು, ವೀಸಾ ಯಾವ ದೇಶದ್ದು ಅನ್ನುವುದೆಲ್ಲ ತಾನಾಗಿಯೇ ತೀರ್ಮಾನ ಆಗುತ್ತದೆ.

ವೀಸಾ ವಿಷಯ ಜಾಸ್ತಿ ಜನ ಕೇಳುವುದರಿಂದ ಅದನ್ನೇ ಮೊದಲು ಹೇಳುತ್ತೇನೆ. ಈ ನಾಲ್ಕೂ ದೇಶ ಶೆಂಗೆನ್ ಅನ್ನುವ ಯುರೋಪಿನ ದೇಶಗಳ ಗುಂಪಿನ ಒಳಗೇ ಇವೆ, ಒಂದೇ ವೀಸಾ ಸಾಕು. ಆದರೆ ಅರ್ಜಿ ಹಾಕಬೇಕಾದ್ದು ಮೊದಲು ಇಳಿಯುವ ದೇಶಕ್ಕಲ್ಲ, ಜಾಸ್ತಿ ದಿನ ಉಳಿಯುವ ದೇಶಕ್ಕೆ. ಎರಡು ದೇಶಗಳಲ್ಲಿ ಸಮ ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಲೆಕ್ಕದಲ್ಲಿ ಇಟಲಿಯ ರಾತ್ರಿಗಳೇ ಹೆಚ್ಚಿದ್ದವು. ಹಾಗಾಗಿ ಇಟಲಿ ವೀಸಾ ತಗೊಂಡು ಮ್ಯೂನಿಕ್‌ನಲ್ಲಿ ಇಳಿದೆವು. ಪ್ರಯಾಣಕ್ಕೆ 6 ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು. 15 ದಿನಕ್ಕಿಂತ ಹತ್ತಿರ ಬಿಟ್ಟುಕೊಳ್ಳುವ ಹಾಗಿಲ್ಲ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ವಯಸ್ಸಾದವರಿಗೆ ಕನಿಷ್ಠಕ್ಕಿಂತ ಹೆಚ್ಚಿನದ್ದೇ ಮಾಡಿಸಿ ಅನ್ನುವುದು ನನ್ನ ಅಭಿಪ್ರಾಯ. ಅರ್ಜಿಯ ಜೊತೆ ದಿನವಾರು ಪಟ್ಟಿ ಕೊಟ್ಟೆ: ತಾರೀಖು, ಊರು, ಹೋಟೆಲ್ ಬುಕಿಂಗ್, ಅಲ್ಲಿಂದ ಮುಂದಿನ ಊರಿಗೆ ಕಾರು. ರೈಲು, ವಿಮಾನದ ಟಿಕೆಟ್ ಇರಬೇಕಾದ ಕಡೆ ಕಾರಿನ ಬುಕಿಂಗ್ ಕಾಗದ ಇಟ್ಟೆ.

ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕೇ ಬೇಕು. ನಮ್ಮ ಆರ್‌ಟಿಒನಲ್ಲೇ ಕೊಡುತ್ತಾರೆ, ಒಂದು ವರ್ಷ ನಡೆಯುತ್ತದೆ. ಪರ್ಮಿಟ್ ಒಂದೇ ಹಿಡಿದುಕೊಂಡು ಹೋದರೆ ಸಾಲದು, ಮೂಲ ಲೈಸೆನ್ಸ್ ಕೂಡ ಕೈಲಿರಬೇಕು. ಹೆಂಡತಿಗೂ ಮಾಡಿಸಿ, ಅವಳ ಹೆಸರನ್ನು ಎರಡನೇ ಡ್ರೈವರ್ ಅಂತ ಕಾರಿನ ಕರಾರಿಗೆ ಸೇರಿಸಿದೆವು.

ಕಾರು ಬುಕ್ ಮಾಡುವಾಗ ನಾನು ಬಾಡಿಗೆಗಿಂತ ಜಾಸ್ತಿ ನೋಡಿದ್ದು ಷರತ್ತುಗಳನ್ನು. ಒಂದು ದೇಶದಲ್ಲಿ ತಗೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ದಂಡದಂಥ ದೊಡ್ಡ ಮೊತ್ತ ಬೀಳುತ್ತದೆ. ಅದಕ್ಕೇ ನಮ್ಮ ದಾರಿಯನ್ನು ಬಳಸು ಹಾಕಿ ಶುರುವಿನ ಊರಿಗೇ ತಂದೆ. ಕಾರನ್ನು ಯಾವ ಯಾವ ದೇಶಕ್ಕೆ ಒಯ್ಯುತ್ತೇವೆ ಅಂತ ಮೊದಲೇ ಹೇಳಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಕೆಲವು ದುಬಾರಿ ಕಾರುಗಳನ್ನು ಕೆಲವು ದೇಶಗಳಿಗೆ ಬಿಡುವುದೇ ಇಲ್ಲ. ಡೆಪಾಸಿಟ್‌ಗೆ ಮುಖ್ಯ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ಡೆಬಿಟ್ ಕಾರ್ಡ್ ನಂಬಿಕೊಂಡು ಹೋಗಬೇಡಿ. ಆಟೋಮ್ಯಾಟಿಕ್ ಗಾಡಿ ತಗೊಂಡೆವು. ಬಲಗಡೆ ಓಡಿಸುವ ಊರಿನಲ್ಲಿ ಬಲಗೈಯಲ್ಲಿ ಗೇರ್ ಹಾಕುವುದನ್ನೂ ಹೊಸದಾಗಿ ಕಲಿಯುತ್ತಾ ಕೂರುವುದು ಬೇಡ, ಅಲ್ವಾ? ನಾಲ್ಕು ಜನರ ಲಗೇಜಿಗೆ ಸೆಡಾನ್ ಸಾಲದು. ಹಿಂದೆ ಉದ್ದದ ಡಿಕ್ಕಿ ಇರುವ ಕಾಂಬಿ ಮಾದರಿ ಕೇಳಿ. ದೊಡ್ಡ ಸೂಟ್‌ಕೇಸ್ ಎರಡೇ, ಉಳಿದದ್ದೆಲ್ಲ ಮೆತ್ತನೆ ಬ್ಯಾಗು.

ವಿಮಾನ ಇಳಿದ ತಕ್ಷಣ ಸ್ಟಿಯರಿಂಗ್ ಹಿಡಿಯಲಿಲ್ಲ. ಮ್ಯೂನಿಕ್‌ನಲ್ಲಿ ಮೆಟ್ರೊ, ಟ್ರಾಮ್‌ನಲ್ಲೇ ಓಡಾಡಿ, ಊರು ಬಿಡುವ ದಿನ ಬೆಳಗ್ಗೆ ಕಾರು ತಗೊಂಡೆವು. ನಿದ್ದೆಯೂ ತೀರಿತು, ಪಾರ್ಕಿಂಗ್ ದುಡ್ಡೂ ಉಳಿಯಿತು. ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಅಲ್ಲಿ ಅಕ್ಟೋಬರ್‌ಫೆಸ್ಟ್ ಶುರುವಾಗಿ ಹೋಟೆಲ್ ದರ ಮುಗಿಲು ಮುಟ್ಟುತ್ತದೆ, ಅದಕ್ಕೆ ಮುಂಚೆಯೇ ಹೊರಡುವ ಹಾಗೆ ನೋಡಿಕೊಂಡಿದ್ದೆವು.

ಈ ದೇಶಗಳ ನಡುವೆ ಗಡಿ ದಾಟಿದ್ದು ಗೊತ್ತಾಗುವುದೇ ಇಲ್ಲ ಅನ್ನುತ್ತಾರೆ. ಈಗ ಹಾಗಿಲ್ಲ. ಜರ್ಮನಿ 2024ರ ಸೆಪ್ಟೆಂಬರ್‌ನಿಂದ ತನ್ನ ಎಲ್ಲ ನೆಲಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ. ಪಾಸ್‌ಪೋರ್ಟ್‌ಗಳು ಡಿಕ್ಕಿಯ ಸೂಟ್‌ಕೇಸ್‌ನಲ್ಲಿ ಅಲ್ಲ, ಮುಂದಿನ ಸೀಟಿನ ಕೈಚೀಲದಲ್ಲಿರಲಿ.

ಗಡಿ ದಾಟಿದಾಗ ನಿಜವಾಗಿ ಬದಲಾಗುವುದು ಟೋಲ್ ಕಟ್ಟುವ ರೀತಿ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾದ ಹೆದ್ದಾರಿಗೆ ವಿನ್ಯೆಟ್ ಬೇಕು, ಅಂದರೆ ಇಷ್ಟು ದಿನಕ್ಕೆ ಅಂತ ಮೊದಲೇ ಕಟ್ಟುವ ರಸ್ತೆ ಶುಲ್ಕ. ಗಡಿಗೆ ಮುಂಚಿನ ಪೆಟ್ರೋಲ್ ಬಂಕ್‌ನಲ್ಲಿ 10 ದಿನದ್ದನ್ನು ಕೊಂಡು ಗಾಜಿಗೆ ಅಂಟಿಸಿದೆವು. ಸುಮ್ನೆ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಲೆಕ್ಕಕ್ಕಿರಲಿಲ್ಲ, ಅಂಟಿಸಲೇಬೇಕಿತ್ತು. ನಾವು ಆಸ್ಟ್ರಿಯಾಕ್ಕೆ ಎರಡು ಸಲ ಬರುವವರು, ಹೋಗುವಾಗ ಸಾಲ್ಜ್‌ಬರ್ಗ್ ಕಡೆಯಿಂದ, ವಾಪಸ್ ಬರುವಾಗ ಇನ್ಸ್‌ಬ್ರುಕ್ ಕಡೆಯಿಂದ. ನಡುವೆ 10 ದಿನ ಮೀರುತ್ತಿತ್ತು. ಹಾಗಾಗಿ ಎರಡನೆಯದಕ್ಕೂ ಮೊದಲೇ ಬಜೆಟ್‌ನಲ್ಲಿ ದುಡ್ಡು ತೆಗೆದಿಟ್ಟಿದ್ದೆ. ಸ್ಲೊವೇನಿಯಾದ್ದು ಪೂರ್ತಿ ಎಲೆಕ್ಟ್ರಾನಿಕ್, ಕಾರಿನ ನಂಬರಿಗೆ ಕಟ್ಟಬೇಕು. ಬಾಡಿಗೆ ಕಾರಿನ ನಂಬರು ಕೈಗೆ ಬರುವವರೆಗೂ ಗೊತ್ತಿರುವುದಿಲ್ಲವಲ್ಲ, ಕೀಲಿ ಸಿಕ್ಕಿದ ಮೇಲೆ ಪಾರ್ಕಿಂಗ್‌ನಲ್ಲೇ ನಿಂತು, ಹೆಂಡತಿ ಒಂದೊಂದು ಅಕ್ಷರ ಓದಿ ಹೇಳಿದ ಹಾಗೆ ನಾನು ಫೋನಿನಲ್ಲಿ ಟೈಪ್ ಮಾಡಿದೆ. ಅಲ್ಲಿನ ರಸ್ತೆ ಸಂಸ್ಥೆ ದಾರ್ಸ್‌ನ ಸ್ವಂತ ತಾಣದಲ್ಲೇ ಕೊಳ್ಳಿ, ನಡುವಿನವರು ಸುಮ್ನೆ ಮೇಲೆ ದುಡ್ಡು ಹಾಕುತ್ತಾರೆ. ಈ ಎರಡು ದೇಶಗಳ ನಡುವಿನ ಕರವಾಂಕೆನ್ ಸುರಂಗಕ್ಕೂ, ಇಟಲಿ ಗಡಿಯ ಬ್ರೆನರ್ ಪಾಸ್‌ನ, ಅಂದರೆ ಬೆಟ್ಟ ದಾಟುವ ಘಾಟಿಯ, ಆಸ್ಟ್ರಿಯಾ ಕಡೆಯ ಹೆದ್ದಾರಿಗೂ ವಿನ್ಯೆಟ್ ಸಾಲದು, ಬೇರೆ ಟೋಲ್ ಇದೆ.

ಇಟಲಿಯಲ್ಲಿ ನಮ್ಮಲ್ಲಿನ ಹಾಗೆ ಟೋಲ್ ಗೇಟು. ಹತ್ತುವಾಗ ಚೀಟಿ ತಗೊಳ್ಳಿ, ಇಳಿಯುವಾಗ ಚೀಟಿ ಕೊಟ್ಟು ದುಡ್ಡು ಕಟ್ಟಿ. ಚೀಟಿ ಕಳೆದರೆ ಅತಿ ದೂರದ ಗೇಟಿನಿಂದ ಬಂದಿರಿ ಅಂತಲೇ ಲೆಕ್ಕ, ಅದಕ್ಕೇ ಅದನ್ನು ಅಮ್ಮನ ಪರ್ಸಿಗೆ ಒಪ್ಪಿಸಿಬಿಟ್ಟಿದ್ದೆ. ಗೇಟು ಹತ್ತಿರ ಬಂದಾಗ ಮೇಲಿನ ಬೋರ್ಡ್ ನೋಡಿ ಸಾಲು ಹಿಡಿಯಬೇಕು. ಕೈ, ನಾಣ್ಯದ ಚಿತ್ರವಿದ್ದರೆ ನಗದು, ನೀಲಿ ಬಣ್ಣ ಕಾರ್ಡಿಗೆ, ನಮ್ಮ ಫಾಸ್ಟ್ಯಾಗ್ ಥರದ ಟೆಲಿಪಾಸ್‌ನ ಹಳದಿ ಸಾಲಿಗೆ ಮಾತ್ರ ಹೋಗಬಾರದು.

ಇಟಲಿಯ ಇನ್ನೊಂದು ವಿಷಯ ಝಡ್‌ಟಿಎಲ್, ಅಂದರೆ ವಾಹನ ಓಡಾಟಕ್ಕೆ ನಿರ್ಬಂಧ ಇರುವ ಜಾಗ. ಹಳೇ ಊರುಗಳ ನಡುಭಾಗಕ್ಕೆ ಹೊರಗಿನ ಕಾರು ಹೋಗುವ ಹಾಗಿಲ್ಲ. ಬಾಗಿಲಲ್ಲಿ ಪೊಲೀಸ್ ಇರುವುದಿಲ್ಲ, ಕ್ಯಾಮೆರಾ ಇರುತ್ತದೆ. ಮ್ಯಾಪ್ ಕೆಲವೊಮ್ಮೆ ಅದರ ಒಳಗೇ ದಾರಿ ತೋರಿಸುತ್ತದೆ. ಅದಕ್ಕೇ ನಾನು ಉಳಿಯುವ ಜಾಗ ಯಾವಾಗಲೂ ಊರ ಹೊರಗೇ, ಪಾರ್ಕಿಂಗ್ ಇರುವಲ್ಲೇ ಹುಡುಕಿದೆ. ವೆನಿಸ್‌ಗೆ ಮೆಸ್ತ್ರೆಯಲ್ಲಿ ಉಳಿದುಕೊಂಡು, ಕಾರು ಅಲ್ಲೇ ಬಿಟ್ಟು ರೈಲು ಹತ್ತಿದೆವು, ಹತ್ತೇ ನಿಮಿಷ.

ಓಡಿಸುವ ಹೊತ್ತಿಗೆ ನಾನು ಹಿಡಿದ ಲೆಕ್ಕ ಹೀಗೆ: ಮ್ಯಾಪ್ ತೋರಿಸುವ ಸಮಯದ ಒಂದೂವರೆ ಪಟ್ಟು. ಬೆಟ್ಟದ ದಾರಿಯಾದರೆ ಎರಡು ಪಟ್ಟಿಗಿಂತ ಜಾಸ್ತಿ. ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ 1935ರಲ್ಲಿ ತೆರೆದದ್ದು, 48 ಕಿಲೋಮೀಟರ್, 36 ಹೇರ್‌ಪಿನ್ ತಿರುವು. ಚಳಿಗಾಲದಲ್ಲಿ ಮುಚ್ಚುತ್ತಾರೆ, ಅದರಿಂದಲೇ ಸೆಪ್ಟೆಂಬರ್ ಆರಿಸಿದ್ದು. ಇದಕ್ಕೂ ಬೇರೆ ಟೋಲ್. ಆದರೂ ಬಿಡಬೇಡಿ, ಅದರಲ್ಲೂ ಮಂಡಿನೋವಿನವರು ಜೊತೆಗಿದ್ದರೆ. ಕೈಸರ್ ಫ್ರಾಂಜ್ ಜೋಸೆಫ್ ಎತ್ತರದಲ್ಲಿ, 2,369 ಮೀಟರ್ ಮೇಲೆ, ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಇಟ್ಟರೆ ಪಾಸ್ಟರ್ಸೆ ಹಿಮನದಿ ಕಾಲ ಕೆಳಗೆ ಕಾಣುತ್ತದೆ. ಎದುರಿಗೆ 3,798 ಮೀಟರ್‌ನ ಗ್ರೋಸ್‌ಗ್ಲಾಕ್ನರ್ ಶಿಖರ. ಹಿಮನದಿ ವರ್ಷದಿಂದ ವರ್ಷಕ್ಕೆ ಕರಗಿ ಹಿಂದೆ ಸರಿಯುತ್ತಿದೆ. ಅಮ್ಮ ಒಂದು ಮಾತೂ ಆಡದೆ ಕಟ್ಟೆ ಹಿಡಿದು ತುಂಬ ಹೊತ್ತು ನಿಂತಿದ್ದರು. ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬರಬೇಡಿ, ಆಟೋಮ್ಯಾಟಿಕ್‌ನಲ್ಲೂ ಸಣ್ಣ ಗೇರಿಗೆ ಹಾಕಿ ಇಂಜಿನ್ನೇ ತಡೆಯಲಿ.

ಸ್ಲೊವೇನಿಯಾದ ವ್ರ್ಶಿಚ್ ಪಾಸ್ ನನಗೆ ಇದಕ್ಕಿಂತ ಹಿಡಿಸಿತು. 1,611 ಮೀಟರ್, 50 ತಿರುವು, ಪ್ರತಿ ತಿರುವಿಗೂ ನಂಬರು. ಹತ್ತುವ ಕಡೆಯ ತಿರುವುಗಳಿಗೆ ಇನ್ನೂ ಕಲ್ಲು ಹಾಸೇ ಇದೆ, ಟೈರು ಗಡಗಡ ಅನ್ನುತ್ತದೆ. ಅಪ್ಪ ಮುಂದೆ ಕೂತು ನಂಬರುಗಳನ್ನು ಜೋರಾಗಿ ಓದುತ್ತಾ ಬಂದರು. ಈ ದಾರಿ ಮಾಡಿದ್ದು ಮೊದಲ ಮಹಾಯುದ್ಧದ ರಷ್ಯನ್ ಸೆರೆಯಾಳುಗಳು. 1916ರ ಮಾರ್ಚ್‌ನಲ್ಲಿ ಹಿಮ ಕುಸಿದು ತುಂಬ ಜನ ಸತ್ತರು, ಅವರ ನೆನಪಿಗೆ ರಸ್ತೆ ಪಕ್ಕ ಮರದ ಪುಟ್ಟ ಚರ್ಚ್ ಇದೆ. ಅಲ್ಲಿ ಇಳಿಯದೆ ಮುಂದೆ ಹೋಗಬೇಡಿ. ಬ್ಲೆಡ್‌ನಿಂದ ಬೊವೆಟ್ಸ್‌ಗೆ ಈ ದಾರಿಯಲ್ಲಿ ನೂರು ಕಿಲೋಮೀಟರ್ ಕೂಡ ಇಲ್ಲ. ಆದರೂ ಇಡೀ ದಿನ ಇದಕ್ಕೇ ಇಟ್ಟಿದ್ದೆ. ಆ ಕಡೆ ಇಳಿದರೆ ಪಚ್ಚೆ ಬಣ್ಣದ ಸೋಚಾ ನದಿ ಪಕ್ಕದಲ್ಲೇ ಹರಿಯುತ್ತದೆ. ಆಗುಂಬೆ, ಚಾರ್ಮಾಡಿಯಲ್ಲಿ ಓಡಿಸಿದ ಕೈಗೆ ಇಲ್ಲಿ ತಿರುವು ಕಷ್ಟವಲ್ಲ. ಎದುರಿಗೆ ಬರುವ ಬೈಕುಗಳ ಬಗ್ಗೆ ಮಾತ್ರ ಎಚ್ಚರ.

ರಸ್ತೆ ನಿಯಮದಲ್ಲಿ ನಮ್ಮವರಿಗೆ ಹೊಸದು ಎಂದರೆ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಬೋರ್ಡಿಲ್ಲದ ಸಣ್ಣ ಕೂಡುರಸ್ತೆಯಲ್ಲೂ ಅಷ್ಟೇ. ಹೆದ್ದಾರಿಯಲ್ಲಿ ವಾಹನ ನಿಂತುಬಿಟ್ಟರೆ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ಆಂಬುಲೆನ್ಸ್‌ಗೆ ನಡುವೆ ಜಾಗ ಬಿಡುತ್ತಾರೆ. ಜರ್ಮನಿ, ಆಸ್ಟ್ರಿಯಾದಲ್ಲಿ ಇದು ಕಾನೂನು. ಸೈರನ್ ಕೇಳುವವರೆಗೆ ಕಾಯಬಾರದು, ನಿಧಾನವಾದ ಕೂಡಲೇ ಸರಿಯಬೇಕು.

ಊಟದ್ದು ಅಪ್ಪ ಅಮ್ಮನಿಗೆ ದೊಡ್ಡ ಚಿಂತೆ. ಎಲ್ಲೆಲ್ಲಿ ಎರಡು ರಾತ್ರಿಗಿಂತ ಜಾಸ್ತಿ ಇದ್ದೆವೋ ಅಲ್ಲೆಲ್ಲ ಅಡುಗೆಮನೆ ಇರುವ ಮನೆಯನ್ನೇ ಹಿಡಿದೆವು. ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮೆಂತ್ಯದ ಹಿಟ್ಟು ಊರಿಂದಲೇ ಹೋಯಿತು. ತುಪ್ಪ, ಪೇಡ ತಗೊಂಡು ಹೋಗಬೇಡಿ. ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪತ್ರ ಬೇಕು. ಅಕ್ಕಿ, ಬೇಳೆ, ಒಳ್ಳೇ ಮೊಸರು ಅಲ್ಲೇ ಸಿಗುತ್ತದೆ. ಅಲ್ಲಿನ ಒಲೆಗಳಲ್ಲಿ ಇಂಡಕ್ಷನ್ ಜಾಸ್ತಿ, ಬರೀ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕಾಯುವುದಿಲ್ಲ. ಇಂಡಕ್ಷನ್ ತಳದ ಸಣ್ಣ ಸ್ಟೀಲ್ ಕುಕ್ಕರ್ ಒಯ್ಯಿರಿ. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರ ಸಂಜೆಯೇ ಹಾಲು, ತರಕಾರಿ ತಂದಿಟ್ಟುಕೊಳ್ಳಿ.

ಕಾರು ಒಪ್ಪಿಸುವ ಮುಂಚೆ ಹತ್ತಿರದ ಬಂಕ್‌ನಲ್ಲಿ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಂಡೆ. ನಾಲ್ಕೂ ಬದಿ, ಚಕ್ರಗಳು, ಒಳಗಿನ ಮೀಟರ್ ಎಲ್ಲದರ ಫೋಟೊ ತೆಗೆದೆ, ತಗೊಂಡ ದಿನ ತೆಗೆದ ಹಾಗೆಯೇ. ಟೋಲ್ ಮತ್ತು ಪಾರ್ಕಿಂಗ್ ಚೀಟಿಗಳನ್ನು, ಎಲ್ಲ ವಿನ್ಯೆಟ್‌ಗಳ ರಸೀದಿಗಳನ್ನು ಒಂದು ಕವರಿನಲ್ಲಿ ಹಾಕಿ ಮನೆಯಲ್ಲಿಟ್ಟಿದ್ದೇನೆ. ಇಟಲಿಯ ಸಂಚಾರ ದಂಡದ ನೋಟೀಸು ವಿದೇಶದಲ್ಲಿರುವವರಿಗೆ 360 ದಿನದವರೆಗೂ ಬರಬಹುದು, ಅಲ್ಲಿಯವರೆಗೆ ಆ ಕವರ್ ಎಸೆಯಬೇಡಿ.