ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು

ಪುಣೆಯಲ್ಲಿ ನಾನು ತೆಗೆದ ಕಿರುಚಿತ್ರ 14 ನಿಮಿಷದ್ದು. ಅದರ ಕೊನೆಯ 20 ಸೆಕೆಂಡಿಗಾಗಿ ಮೂರು ವಾರ ಎಡಿಟಿಂಗ್‌ಗೆ ಕೂತಿದ್ದೆ.

ಕಥೆ ಸಣ್ಣದು. ವಿಜಯಪುರದಿಂದ ಬಂದು ಕಾತ್ರಜ್‌ನಲ್ಲಿ ನೆಲೆಸಿದ ಕುಟುಂಬ. ಹದಿನೈದರ ಹುಡುಗ ಶಾಲೆಗೆ ಚಕ್ಕರ್ ಹೊಡೆದು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗುತ್ತಾನೆ. ಊರಿನ ಬಸ್ಸು ನಿಂತಿದೆ. ಮೊದಲು ನಾನು ಅವನನ್ನು ಬಸ್ ಹತ್ತಿಸಿಬಿಟ್ಟಿದ್ದೆ. ಅಜ್ಜಿ ಮನೆ, ಅಳು, ಅಪ್ಪನ ಫೋನು, ಎಲ್ಲ ಇತ್ತು. ನೋಡಿದಾಗಲೆಲ್ಲ ಸುಳ್ಳು ಅನಿಸುತ್ತಿತ್ತು.

ಆಗ ನಿರ್ದೇಶಕ ತ್ರುಫೊ ಅವರ 'ದಿ 400 ಬ್ಲೋಸ್' ಮತ್ತೆ ಹಾಕಿಕೊಂಡೆ. 1959ರ ಫ್ರೆಂಚ್ ಸಿನಿಮಾ. ಆಂತ್ವಾನ್ ಎಂಬ ಹುಡುಗ ಬಾಲಾಪರಾಧಿಗಳ ಕೇಂದ್ರದಲ್ಲಿ ಫುಟ್‌ಬಾಲ್ ಆಡುತ್ತಿದ್ದವನು ಬೇಲಿಯಡಿ ನುಸುಳಿ ಓಡುತ್ತಾನೆ. ಓಡುತ್ತಲೇ ಇರುತ್ತಾನೆ. ಸಮುದ್ರ ಬರುತ್ತದೆ. ನೀರಿಗೆ ಕಾಲಿಟ್ಟು, ತಿರುಗಿ, ನಮ್ಮನ್ನೇ ನೋಡುತ್ತಾನೆ. ಚಿತ್ರ ಅಲ್ಲೇ ನಿಂತುಬಿಡುತ್ತದೆ. ಕಾಲೇಜಿನಲ್ಲಿ ನೋಡಿದಾಗ, ನಿರ್ದೇಶಕರು ಉತ್ತರ ಬಚ್ಚಿಟ್ಟಿದ್ದಾರೆ ಅಂದುಕೊಂಡಿದ್ದೆ. ಈ ಸಲ ಹಾಗನಿಸಲಿಲ್ಲ. ಮುಂದೇನು ಅಂತ ಆ ಹುಡುಗನಿಗೇ ಗೊತ್ತಿಲ್ಲ, ಅಲ್ವಾ? ಅವನಿಗೆ ಗೊತ್ತಿಲ್ಲದ್ದನ್ನು ನಾವು ಹೇಗೆ ಹೇಳೋದು?

ಅದರಲ್ಲೇ ಇನ್ನೊಂದು ದೃಶ್ಯವಿದೆ. ಮನಶ್ಶಾಸ್ತ್ರಜ್ಞೆ ಪ್ರಶ್ನೆ ಕೇಳುತ್ತಾರೆ, ದನಿ ಮಾತ್ರ. ಕ್ಯಾಮೆರಾ ಹುಡುಗನ ಮೇಲೇ ಇರುತ್ತದೆ. ಜಾನ್-ಪಿಯೆರ್ ಲೆಯೊ ಎಂಬ ಆ ಬಾಲನಟ ಬಹುಪಾಲು ಉತ್ತರಗಳನ್ನು ಅಲ್ಲೇ ಹೊಳೆದಂತೆ ಹೇಳಿದ್ದ. ನಾನೂ ಅದನ್ನೇ ಮಾಡಿದೆ. ಬರೆದಿಟ್ಟ ಸಂಭಾಷಣೆ ಬದಿಗಿಟ್ಟು, ಕ್ಯಾಮೆರಾ ಪಕ್ಕದಲ್ಲಿ ಕೂತು ಸುಮ್ನೆ ಕೇಳುತ್ತಾ ಹೋದೆ. "ಊರಾಗ ಏನೈತಿ?" ಅಂದೆ. ನಮ್ಮ ಹುಡುಗ ಅಂಗಿಯ ಗುಂಡಿ ತಿರುವುತ್ತಾ ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಏನಿಲ್ರಿ. ಇಲ್ಲೂ ಏನಿಲ್ರಿ" ಅಂದ. ಅಂಥ ಮಾತು ನನಗೆ ಬರೆಯಲು ಬರುತ್ತಿರಲಿಲ್ಲ. ಅಜ್ಜಿ ಮನೆಯ ಭಾಗವನ್ನು ಅವತ್ತೇ ಕತ್ತರಿಸಿದೆ.

ಉಳಿದದ್ದು ಕೊನೆಯ ಶಾಟ್. ಕಂಡಕ್ಟರ್ ಕೂಗಿದಾಗ ಹುಡುಗ ತಿರುಗುತ್ತಾನೆ. ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ. ಒಂದರಲ್ಲಿ ಹೆದರಿದ ಹಾಗೆ ಕಾಣುತ್ತಾನೆ, ನಾಲ್ಕು ಫ್ರೇಮ್ ಮುಂದೆ ಹೋದರೆ ನಕ್ಕ ಹಾಗೆ. ಎರಡೂ ಬೇಡ. ನಡುವೆ ಒಂದು ಸಿಕ್ಕಿತು: ಬಾಯಿ ತುಸು ತೆರೆದಿದೆ, ಬಲಗೈ ಬಾಗಿಲ ಕಂಬಿ ಹಿಡಿದಿದೆ, ಬಲಗಾಲು ಮೆಟ್ಟಿಲ ಮೇಲೆ, ಎಡಗಾಲು ಇನ್ನೂ ನೆಲದಲ್ಲಿ. ತ್ರುಫೊ ಹಾಗೆ ಅದನ್ನು ಫ್ರೀಜ್ ಮಾಡಿ, ಅಂದರೆ ಪರದೆಯ ಮೇಲೆ ಅಲ್ಲಾಡದಂತೆ ನಿಲ್ಲಿಸಿ, ನೋಡಿದೆ. ತ್ರುಫೊ ಕಾಲದಲ್ಲಿ ಲ್ಯಾಬ್‌ನಲ್ಲಿ ಒಂದೇ ಫ್ರೇಮನ್ನು ಮತ್ತೆ ಮತ್ತೆ ಪ್ರಿಂಟ್ ಹಾಕಬೇಕಿತ್ತು. ನನಗೆ ಒಂದು ಬಟನ್ ಸಾಕಾಯ್ತು. ಆದರೂ ಎರವಲು ತಂದ ಹಾಗಿತ್ತು, ಫ್ರೀಜ್ ತೆಗೆದುಬಿಟ್ಟೆ. ಆ ಫ್ರೇಮ್ ಬಂದ ಕೂಡಲೇ ಶಾಟ್ ಕಟ್ ಮಾಡಿದೆ. ಆಮೇಲೆ ಕಪ್ಪು ಪರದೆ, ಐದು ಸೆಕೆಂಡ್ ಬಸ್ಸಿನ ಎಂಜಿನ್ ಸದ್ದು.

ಮೊದಲು ತೋರಿಸಿದ್ದು ಆ ಹುಡುಗನ ಮನೆಯವರಿಗೇ. ಮುಗಿದ ಮೇಲೆ ಅವನ ತಾಯಿ ಕೇಳಿದರು: "ಕಡೀಗೆ ಅಂವ ಊರಿಗೆ ಹೋದ್ನೋ ಇಲ್ಲೋ ಸರ್?"

ನಾನು ಹುಡುಗನ ಕಡೆ ನೋಡಿದೆ.

"ಗೊತ್ತಿಲ್ಲವ್ವ," ಅಂದ. "ಹತ್ತಬೇಕು ಅಂತನೂ ಇತ್ತು. ನೀ ಹುಡುಕ್ತಿ ಅಂತನೂ ಇತ್ತು."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಆ ಬಸ್‌ಸ್ಟ್ಯಾಂಡಿಂದು ಇನ್ನೊಮ್ಮೆ ಹಾಕ್ರಿ ಅಂದರು.