ಸ್ಪ್ರಿಂಕ್ಲರ್ ಎಂಜಿನ್ನಿನ ಪಿಸ್ಟನ್‌ಗೆ ಶಾಖ ತಡೆಯುವ ಲೇಪ ಹಾಕಿಸುವ ಬಗೆ

ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಕೊಡಗಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಸ್ಪ್ರಿಂಕ್ಲರಿನ ಡೀಸೆಲ್ ಪಂಪು ಗಂಟೆಗಟ್ಟಲೆ ಒಂದೇ ಲೋಡಿನಲ್ಲಿ ಓಡುತ್ತದೆ. ಪಿಸ್ಟನ್ ತಲೆಗೆ ಶಾಖ ತಡೆಯುವ ಜಿರ್ಕೋನಿಯಾ ಎಂಬ ಸೆರಾಮಿಕ್ ಲೇಪ ಹಾಕಿಸುವುದಾದರೆ ಇಂಥ ಎಂಜಿನ್ನಿಗೇ ಹಾಕಿಸಿ. ಘಾಟಿ ಹತ್ತಿಳಿಯುವ ಜೀಪಿನಲ್ಲಿ ಬಿಸಿ ಪದೇ ಪದೇ ಏರಿಳಿದು ಲೇಪ ಬೇಗ ಬಿರಿಯುತ್ತದೆ. ಡೀಸೆಲ್ ತುಂಬಾ ಉಳಿಯುತ್ತದೆಂಬ ಆಸೆ ಬೇಡ. ಪಿಸ್ಟನ್ ತಲೆಗೆ ಬಿಸಿ ತಟ್ಟುವುದು ಕಡಿಮೆಯಾಗುತ್ತದೆ, ಅದೇ ಲಾಭ. ಡೀಸೆಲ್ ಚಿಮ್ಮಿಸುವ ನಾಝಲ್ ತೊಟ್ಟಿಕ್ಕುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಎಂಜಿನ್ ಬಿಚ್ಚುವಾಗಲೇ ಸಿಲಿಂಡರ್ ಹೆಡ್ಡಿಗೂ ಪಿಸ್ಟನ್‌ಗೂ ನಡುವಿನ ಸಂದು ಅಳೆಯಿರಿ. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ನೇರಕ್ಕೆ, ಪಿಸ್ಟನ್ ಮೇಲೆ ಎರಡು ಕಡೆ ಸೀಸದ ತಂತಿಯ ತುಂಡಿಟ್ಟು, ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತಂತಿಯನ್ನು ಮೈಕ್ರೋಮೀಟರಿನಲ್ಲಿ ನೋಡಿ. ಸಂದು 0.9 ಮಿ.ಮೀ. ಇದ್ದು ಲೇಪ 0.4 ಮಿ.ಮೀ. ಕೂತರೆ ಉಳಿಯುವುದು 0.5 ಮಾತ್ರ, ಬಿಸಿಗೆ ಹಿಗ್ಗಿದರೆ ಹೆಡ್ಡಿಗೆ ಬಡಿಯುವ ಭಯ. ಅದಕ್ಕೆ ಲೇಪದಷ್ಟೇ ದಪ್ಪವನ್ನು ಪಿಸ್ಟನ್ ತಲೆಯಿಂದ ಲೇತಿನಲ್ಲಿ ಮುಂಚೆಯೇ ತೆಗೆಸಿಬಿಡಿ. ಕಂಪ್ರೆಷನ್ನೂ ಬದಲಾಗದು.

ಲೇಪ ಏಳುವುದು ಹೆಚ್ಚಾಗಿ ತಲೆಯ ಗುಳಿಯ ಅಂಚಿನಿಂದ. ಬಿಸಿಗೆ ಅಲ್ಯೂಮಿನಿಯಂ ಹಿಗ್ಗುವುದು ಜಿರ್ಕೋನಿಯಾದ ಸುಮಾರು ಎರಡರಷ್ಟು. ಚೂಪಾದ ಅಂಚಿನಲ್ಲಿ ಆ ಎಳೆತವೆಲ್ಲ ಒಂದೆಡೆ ಸೇರುತ್ತದೆ. ಅಂಚನ್ನು ಅರ್ಧ ಮಿ.ಮೀ.ನಷ್ಟು ದುಂಡಗೆ ಮಾಡಿಸಿ, ಉಗುರಿನಿಂದ ಸವರಿ ನೋಡಿ, ಎಲ್ಲೂ ತಡೆಯಬಾರದು.

ಇಂಗಾಲ ಕೆರೆದು, ಅಸಿಟೋನಿನಲ್ಲಿ ತೊಳೆದು, 150 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಒಳಗೆ ಹೀರಿಕೊಂಡ ಎಣ್ಣೆ ಹೊರಬರುತ್ತದೆ, ಮತ್ತೆ ಒರೆಸಿ. ಪುಡಿಯನ್ನು ಅತಿ ಬಿಸಿ ಅನಿಲದಲ್ಲಿ ಕರಗಿಸಿ ಸಿಂಪಡಿಸುವ ಪ್ಲಾಸ್ಮಾ ಸ್ಪ್ರೇ ಮನೆಯ ಕೆಲಸವಲ್ಲ, ಬೆಂಗಳೂರಿನ ಥರ್ಮಲ್ ಸ್ಪ್ರೇ ವರ್ಕ್‌ಶಾಪುಗಳಲ್ಲಿ ವಿಚಾರಿಸಿ. ರಿಂಗ್ ಕೂರುವ ತೋಡು, ಪಿಸ್ಟನ್ನಿನ ಕೆಳಮೈಯಾದ ಸ್ಕರ್ಟು, ಪಿನ್ ತೂತು ಮುಚ್ಚಿ, ಅಲ್ಯೂಮಿನಾ ಗ್ರಿಟ್ (ಗಟ್ಟಿ ಹರಳಿನ ಪುಡಿ) ಹೊಡೆದು ಮೇಲ್ಮೈ ಒರಟು ಮಾಡಬೇಕು. ಒರಟಾದ ಮೇಲೆ ಬರಿಗೈಯಲ್ಲಿ ಮುಟ್ಟದೆ, ಅದೇ ದಿನ ಲೇಪಿಸಬೇಕು. ಮೊದಲು ನಿಕ್ಕಲ್-ಕ್ರೋಮಿಯಂ-ಅಲ್ಯೂಮಿನಿಯಂ-ಇಟ್ರಿಯಂ ಅಂಟುಪದರ 0.1 ಮಿ.ಮೀ., ಅದರ ಮೇಲೆ 7–8 ಶೇಕಡಾ ಇಟ್ರಿಯಾ (ಇಟ್ರಿಯಂನ ಆಕ್ಸೈಡ್) ಬೆರೆತ ಜಿರ್ಕೋನಿಯಾ 0.3 ಮಿ.ಮೀ. ಇನ್ನೂ ದಪ್ಪ ಬೇಡ, ದಪ್ಪಗಾದಷ್ಟೂ ಸಿಡಿಯುತ್ತದೆ.

ಜೋಡಿಸಿದ ಮೇಲೆ ಸೀಸದ ತಂತಿ ಇಟ್ಟು ಮತ್ತೊಮ್ಮೆ ಅಳೆಯಿರಿ. ಮೊದಲ 10 ಗಂಟೆ ಅರ್ಧ ಲೋಡು ಸಾಕು. ನಿಲ್ಲಿಸುವ ಮುನ್ನ ಐದು ನಿಮಿಷ ಲೋಡಿಲ್ಲದೆ ಓಡಿಸಿ. 25 ಗಂಟೆಯಾದ ಮೇಲೆ ಆಯಿಲ್ ಫಿಲ್ಟರ್ ಕೊಯ್ದು ನೋಡಿ: ಬಿಳಿ ಅಥವಾ ಬೂದು ಬಣ್ಣದ ಗಟ್ಟಿ ಹರಳು ಸಿಕ್ಕರೆ ಎಂಜಿನ್ ಚಾಲೂ ಮಾಡಲೇಬೇಡಿ, ಸಿಲಿಂಡರಿನ ಒಳಗೋಡೆಯಾದ ಲೈನರ್ ಗೀರಿ ಹೋಗುತ್ತದೆ, ಹೆಡ್ ಬಿಚ್ಚಿ.