ಅರ್ಧ ಅಕ್ಷರದ ಸಾಲ: ‘ಅಬ್ಬಿ ರೋಡ್’ ನುಡಿಸಲು ಹೋದ ನನ್ನ ಅನುಭವ

2019ರ ಜೂನ್‌ನಲ್ಲಿ ಒಂದು ರಾತ್ರಿ ನಮ್ಮ ಗಿಟಾರಿಸ್ಟ್ ಫೋನ್ ಮಾಡಿದ. ‘ಗುರೂ, ಸೆಪ್ಟೆಂಬರ್ 26ಕ್ಕೆ ಅಬ್ಬಿ ರೋಡ್‌ಗೆ ಐವತ್ತು ವರ್ಷ. ಎರಡನೇ ಸೈಡ್ ಪೂರ್ತಿ ನುಡಿಸಿಬಿಡೋಣ.’ ಪಕ್ಕದಲ್ಲೇ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದ ಅಮ್ಮ, ‘ಅಬ್ಬಿನಾ? ಮಡಿಕೇರಿಗೆ ಹೋಗ್ತೀರೇನೋ?’ ಅಂದರು. ಅಬ್ಬಿ ಫಾಲ್ಸ್ ಅಲ್ಲಮ್ಮ, ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಹುಡುಗರು ಸಾಲಾಗಿ ಜೀಬ್ರಾ ಕ್ರಾಸಿಂಗ್ ದಾಟುವ ಫೋಟೋ ಇದೆಯಲ್ಲ, ಆ ಆಲ್ಬಂ ಅಂದೆ. ‘ಓ, ಒಬ್ಬ ಚಪ್ಪಲಿ ಹಾಕಿಲ್ಲ, ಅದಾ’ ಅಂದರು. ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಆ ಫೋಟೋ ಗೊತ್ತು.

ನಮ್ಮದು ವಾರಾಂತ್ಯದ ಬ್ಯಾಂಡ್. ನಾಲ್ಕೇ ಜನ. ಬನಶಂಕರಿಯಲ್ಲಿ ಒಬ್ಬರ ಮನೆಯ ತಾರಸಿ ರೂಮು, ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದೀವಿ. ನಾನು ಡ್ರಮ್ಸ್. ಆದರೆ ಮೊದಲು ಕಲಿತದ್ದು ಮೃದಂಗ, ಹತ್ತು ವರ್ಷ. ಕಾಲೇಜಿಗೆ ಬಂದ ಮೇಲೆ ಕಡ್ಡಿ ಹಿಡಿದೆ. ಮೇಷ್ಟ್ರಿಗೆ ಅದು ಇವತ್ತಿಗೂ ಸ್ವಲ್ಪ ಬೇಜಾರೇ.

ಈ ಆಲ್ಬಂ ಹೇಗೆ ಹುಟ್ಟಿತು ಅಂತ ಸ್ವಲ್ಪ ಹೇಳಬೇಕು. 1969ರ ಜನವರಿಯಲ್ಲಿ ಬೀಟಲ್ಸ್ ಲಂಡನ್ನಿನ ಟ್ವಿಕನಮ್ ಫಿಲ್ಮ್ ಸ್ಟುಡಿಯೋದಲ್ಲಿ ಕ್ಯಾಮೆರಾ ಮುಂದೆ ಹಾಡು ಕಟ್ಟಲು ಕೂತರು. ಮನಸ್ತಾಪ ಜಾಸ್ತಿಯಾಯಿತು, ಜಾರ್ಜ್ ಹ್ಯಾರಿಸನ್ ಕೆಲವು ದಿನ ಬ್ಯಾಂಡ್ ಬಿಟ್ಟೇ ಹೋದ. ಆ ತಿಂಗಳ ಟೇಪುಗಳೇ ಬಹುಪಾಲು 1970ರ ಮೇನಲ್ಲಿ ‘ಲೆಟ್ ಇಟ್ ಬಿ’ ಆಗಿ ಅಂಗಡಿಗೆ ಬಂದವು. ಹಾಗಾಗಿ ಕೊನೆಗೆ ಬಿಡುಗಡೆಯಾದದ್ದು ಅದು, ಸ್ಟುಡಿಯೋದಲ್ಲಿ ಎಲ್ಲರೂ ಸೇರಿ ಕೊನೆಗೆ ಮಾಡಿದ್ದು ‘ಅಬ್ಬಿ ರೋಡ್’. ಜನವರಿಯ ರಾದ್ಧಾಂತ ಆದಮೇಲೆ ಪಾಲ್ ಮೆಕಾರ್ಟ್ನಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಹತ್ತಿರ ಹೋಗಿ, ಮೊದಲಿನ ಹಾಗೆ ಒಂದು ರೆಕಾರ್ಡ್ ಮಾಡೋಣ ಅಂದ. ಮಾಡೋಣ, ಆದರೆ ನೀವೂ ಮೊದಲಿನ ಹಾಗೆ ಇರಬೇಕು ಅಂತ ಮಾರ್ಟಿನ್ ಷರತ್ತು ಹಾಕಿದರು. ಕೊನೆಗಾಲದ ಆಲ್ಬಂ ಅಂತೀವಿ, ಆದರೆ ಆಗ ಹ್ಯಾರಿಸನ್‌ಗೆ 26 ವರ್ಷ. ನಾನು ಆ ವಯಸ್ಸಿನಲ್ಲಿ ರೂಮ್ ಬಾಡಿಗೆಗೆ ಅಪ್ಪನ ಹತ್ತಿರ ಕೈ ಚಾಚುತ್ತಿದ್ದೆ.

ಎರಡನೇ ಸೈಡಿನ ಮೊದಲ ಹಾಡೇ ‘ಹಿಯರ್ ಕಮ್ಸ್ ದ ಸನ್’. ಎಲ್ಲರೂ ಗುನುಗುವ ಹಾಡು. ಸುಲಭ ಅಂದುಕೊಂಡೇ ಮೊದಲ ಭಾನುವಾರ ಶುರು ಮಾಡಿದೆವು. ಗಿಟಾರಿಸ್ಟ್ ಏಳನೇ ಫ್ರೆಟ್‌ಗೆ ಕ್ಯಾಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತುವ ಕ್ಲಿಪ್, ಸಿಕ್ಕಿಸಿದ. ಡಿ ಕಾರ್ಡ್ ಹಿಡಿದರೆ ಎ ಕೇಳುತ್ತೆ, ಆ ಮಿಂಚುವ ನಾದ ಬರೋದು ಹಾಗೆ. ಪಲ್ಲವಿ ಚೆನ್ನಾಗಿ ಬಂತು. ಚರಣ ಬಂತು. ಮಧ್ಯದಲ್ಲಿ ‘ಸನ್ ಸನ್ ಸನ್’ ಅಂತ ಸುತ್ತಿ ಸುತ್ತಿ ಹಾಡುವ ಭಾಗ ಇದೆಯಲ್ಲ, ಅಲ್ಲಿ ನಾಲ್ಕೂ ಜನ ನಾಲ್ಕು ದಿಕ್ಕಿಗೆ ಹೋದೆವು. ಬೇಸ್ ನುಡಿಸುವವಳು ನನ್ನ ಕಡೆ ನೋಡಿದಳು, ನಾನು ಗಿಟಾರಿಸ್ಟ್ ಕಡೆ ನೋಡಿದೆ, ಅವನು ಸೀಲಿಂಗ್ ನೋಡಿದ.

ನಮಗೆ ಮಾತ್ರ ಆದ ಪಾಡಲ್ಲ ಅದು. ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಸ್ಟಾರ್‌ನೇ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ. ಈ ಹಾಡು ಕಟ್ಟಿದ ಹ್ಯಾರಿಸನ್ ಬಂದು ‘ಏಳೂವರೆ ತಾಳದ ಹಾಡು ತಂದಿದ್ದೀನಿ’ ಅಂದನಂತೆ, ರಿಂಗೋಗೆ ತಲೆಬುಡ ಅರ್ಥವಾಗಲಿಲ್ಲವಂತೆ. ಇಂಡಿಯನ್ನರ ಟ್ರಿಕ್ಕು ಅದು ಅಂತಲೂ ಅಂದಿದ್ದಾನೆ. ಇದನ್ನು ಕೇಳಿದ ದಿನದಿಂದ ನಮ್ಮ ಬ್ಯಾಂಡಿನಲ್ಲಿ ಆ ಭಾಗಕ್ಕೆ ಹೆಸರೇ ಬದಲಾಯಿತು: ಸಾಡೇಸಾತಿ. ಏಳೂವರೆ ವರ್ಷದ ಶನಿ. ‘ಸಾಡೇಸಾತಿಯಿಂದ ತಗೋ’ ಅಂದರೆ ಎಲ್ಲರಿಗೂ ಗೊತ್ತು.

ಇಂಡಿಯನ್ನರ ಟ್ರಿಕ್ಕು ಅಂದದ್ದು ಸುಮ್ನೆ ಅಲ್ಲ. ಹ್ಯಾರಿಸನ್ 1965ರಲ್ಲೇ ಬೀಟಲ್ಸ್ ಹಾಡಿಗೆ ಸಿತಾರ್ ತಂದಿದ್ದ. 1966ರಲ್ಲಿ ಸಿತಾರ್ ವಾದಕ ರವಿಶಂಕರ್ ಅವರ ಪರಿಚಯವಾಗಿ, ಅದೇ ವರ್ಷ ಬೊಂಬಾಯಿಗೆ ಬಂದು ಅವರ ಹತ್ತಿರ ಪಾಠ ಹೇಳಿಸಿಕೊಂಡ. 1968ರ ಹೊತ್ತಿಗೆ ಸಿತಾರ್ ಪಕ್ಕಕ್ಕಿಟ್ಟು ಮತ್ತೆ ಗಿಟಾರ್ ಹಿಡಿದ. ನನಗೆ ಕುತೂಹಲ ಆಗೋದು ಇಲ್ಲೇ. ಸಿತಾರ್ ಕೈಲಿದ್ದಾಗ ಮಾಡಿದ ಹಾಡು ಕೇಳಿದರೆ ಯಾರಿಗಾದರೂ ‘ಇಂಡಿಯಾ’ ಅಂತ ಗೊತ್ತಾಗುತ್ತೆ. ಇದರಲ್ಲಿ ಸಿತಾರೂ ಇಲ್ಲ, ತಬಲಾನೂ ಇಲ್ಲ. 1969ರ ವಸಂತದಲ್ಲಿ ಕಂಪನಿ ಮೀಟಿಂಗ್ ತಪ್ಪಿಸಿಕೊಂಡು ಗಿಟಾರಿಸ್ಟ್ ಗೆಳೆಯ ಎರಿಕ್ ಕ್ಲಾಪ್ಟನ್ ಮನೆಗೆ ಹೋಗಿ, ಅವನದೇ ಗಿಟಾರ್ ಹಿಡಿದು ತೋಟದಲ್ಲಿ ಓಡಾಡುತ್ತಾ ಕಟ್ಟಿದ ಹಾಡು. ಕಲಿತದ್ದೆಲ್ಲ ಒಳಗೆ ಇಳಿದುಬಿಟ್ಟಿತ್ತು, ಮೇಲೆ ಕಾಣೋದಿಲ್ಲ.

ಆ ವಾರ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಇಂಗ್ಲಿಷ್ ನೊಟೇಷನ್‌ನಲ್ಲಿ ನಮ್ಮ ಸಾಡೇಸಾತಿಯನ್ನು 11/8, 4/4, 7/8 ಅಂತ ಬರೆಯುತ್ತಾರೆ. ನೋಡಿದರೆ ಲೆಕ್ಕದ ಪರೀಕ್ಷೆ. ಪೇಪರ್ ಮಡಿಚಿಟ್ಟು ಮೃದಂಗದ ಸೊಲ್ಲಿನಲ್ಲಿ ಬಾಯಲ್ಲಿ ಹೇಳಿಕೊಂಡೆ:

ತಕಿಟ ತಕಿಟ ತಕಿಟ ತಕ
ತಕಧಿಮಿ ತಕಜೊಣು
ತಕಧಿಮಿ ತಕಿಟ

ಅಷ್ಟೇ. ಹನ್ನೊಂದು, ಎಂಟು, ಏಳು. ಒಟ್ಟು 26. ಎರಡೆರಡು ಸೇರಿಸಿ ಒಂದು ಅಕ್ಷರ, ಅಂದರೆ ತಾಳದ ಒಂದು ಎಣಿಕೆ, ಅಂತ ಹಿಡಿದರೆ ಹದಿಮೂರು. ಕೈಯಲ್ಲಿ ತಾಳ ಹಾಕುತ್ತಾ ಹೇಳಿದಾಗ ಮಜಾ ಗೊತ್ತಾಯಿತು. ಮೊದಲ ಸಾಲು ಐದೂವರೆ ಅಕ್ಷರ. ಅಂದರೆ ಅದು ಮುಗಿಯೋ ಹೊತ್ತಿಗೆ ನಾವು ಅರ್ಧ ಅಕ್ಷರ ಆಚೆ ಬಿದ್ದಿದ್ದೀವಿ. ಎರಡನೇ ಸಾಲು ಸರಿಯಾಗಿ ನಾಲ್ಕು, ಹಾಗಾಗಿ ಅದು ಪೂರ್ತಿ ಆ ಆಚೆಯಲ್ಲೇ ನಡೆಯುತ್ತೆ. ಮೂರನೇ ಸಾಲು ಮೂರೂವರೆ. ಅಲ್ಲಿಗೆ ಸಾಲ ತೀರಿತು, ಕಾಲು ಮತ್ತೆ ನೆಲಕ್ಕೆ ಬಂತು. ಅರ್ಧ ಅಕ್ಷರದ ಸಾಲ ತಗೊಂಡು, ಅದರಲ್ಲೇ ಸ್ವಲ್ಪ ದೂರ ಓಡಾಡಿ, ಬಡ್ಡಿ ಇಲ್ಲದೆ ವಾಪಸ್ ಕೊಡೋದು. ನಾಲ್ಕು ಮತ್ತು ಮೂರೂವರೆ ಸೇರಿದರೆ ಏಳೂವರೆ, ಅಲ್ವಾ? ಹ್ಯಾರಿಸನ್ ಹೇಳಿದ ಏಳೂವರೆ ಅದೇ ಇರಬೇಕು ಅಂತ ನನ್ನ ಊಹೆ.

ಮುಂದಿನ ಭಾನುವಾರ ನೊಟೇಷನ್ ಪಕ್ಕಕ್ಕಿಟ್ಟು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಕೀಬೋರ್ಡ್ ನುಡಿಸುವವನಿಗೆ ‘ತಕಜೊಣು’ ಬಾಯಿಗೆ ಬರಲಿಲ್ಲ, ‘ತಕಜಾಮೂನು’ ಅಂದುಕೊಂಡ. ಆದರೂ ಲೆಕ್ಕ ಸರಿ ಬಂತು. ಮುಕ್ಕಾಲು ಗಂಟೆಯಲ್ಲಿ ಸಾಡೇಸಾತಿ ಬಿಟ್ಟಿತು.

ನಾನು ಬೀಗಿದೆ. ರೆಕಾರ್ಡ್ ಮಾಡಿಕೊಂಡದ್ದನ್ನು ಮನೆಗೆ ಬಂದು ಕೇಳಿದೆ. ಲೆಕ್ಕ ಎಲ್ಲ ಸರಿ. ಹಾಡು ಸತ್ತುಹೋಗಿತ್ತು.

ಏನು ತಪ್ಪು ಅಂತ ತಿಳಿಯದೆ ಎರಡು ವಾರ ಒದ್ದಾಡಿ, ಕೊನೆಗೆ ಮೇಷ್ಟ್ರ ಮನೆಗೆ ಹೋದೆ. ಅವರಿಗೆ ಎಪ್ಪತ್ತೆಂಟು. ‘ಏನಪ್ಪಾ, ದಾರಿ ತಪ್ಪಿ ಬಂದ್ಯಾ?’ ಅಂದರು. ಕಾಫಿ ಆದಮೇಲೆ ಫೋನಿನಲ್ಲಿ ಮೊದಲು ಬೀಟಲ್ಸ್ ಹಾಕಿದೆ. ತೊಡೆ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಚರಣ ಬರುತ್ತಿದ್ದಂತೆ ‘ಮೋಹನ ರಾಗದ ಥರ ಇದೆಯಲ್ಲೋ’ ಅಂದರು. ನನಗೆ ಹೊಳೆದೇ ಇರಲಿಲ್ಲ! ಹೌದು, ಹಾಡುವ ದಾಟಿ ಪ ದ ಸ ರಿ ಗ, ಅಷ್ಟರಲ್ಲೇ ಓಡಾಡುತ್ತೆ. ಹಿಂದಿನ ಕಾರ್ಡ್‌ಗಳಲ್ಲಿ ಮೋಹನದಲ್ಲಿ ಇಲ್ಲದ ಮಧ್ಯಮ, ನಿಷಾದ ಎಲ್ಲ ಇವೆ, ಹಾಗಾಗಿ ರಾಗ ಅಂತ ಕರೆಯೋಕಾಗಲ್ಲ. ಹ್ಯಾರಿಸನ್ ಬೇಕು ಅಂತ ಮಾಡಿದ ಅಂತಲೂ ನಾನು ಹೇಳಲ್ಲ, ಐದು ಸ್ವರದ ದಾಟಿ ಎಲ್ಲ ದೇಶದಲ್ಲೂ ಇದೆ. ಆದರೆ ನಮ್ಮ ಕಿವಿಗೆ ಅದು ತಕ್ಷಣ ಮನೆಯದು ಅನ್ನಿಸೋದಕ್ಕೆ ಕಾರಣ ಅದೇ.

ಸಾಡೇಸಾತಿ ಬಂತು. ಮೇಷ್ಟ್ರ ಬೆರಳು ಮೊದಲ ಸುತ್ತು ತಡವರಿಸಿತು, ಎರಡನೇ ಸುತ್ತಿಗೆ ಕೂತಿತು. ‘ಹದಿಮೂರು’ ಅಂದರು. ನನಗೆ ಒಂದು ರಾತ್ರಿ ಹಿಡಿದಿತ್ತು. ಆಮೇಲೆ ನಮ್ಮದು ಹಾಕಿದೆ. ಮುಖ ಹುಳ್ಳಗೆ ಮಾಡಿಕೊಂಡು, ‘ಅವನು ಪಕ್ಕವಾದ್ಯ ನುಡಿಸ್ತಿದ್ದಾನೆ ಕಣೋ. ನೀನು ತನಿ ಆವರ್ತನ ಮಾಡ್ತಿದ್ದೀಯ’ ಅಂದರು.

ತನಿ ಅಂದರೆ ಮೃದಂಗದವನು ತಾನೊಬ್ಬನೇ ಕೈಚಳಕ ತೋರಿಸುವ ಭಾಗ. ಸರಿಯಾಗಿತ್ತು ಮಾತು. ಪ್ರತಿ ತಕಿಟದ ಮೊದಲ ಪೆಟ್ಟಿಗೂ ನಾನು ಒತ್ತು ಕೊಡುತ್ತಿದ್ದೆ, ನೋಡಿ ನನಗೆ ಲೆಕ್ಕ ಬರುತ್ತೆ ಅನ್ನೋ ಹಾಗೆ. ರಿಂಗೋ ಹಾಗೆ ಮಾಡಲ್ಲ. ಅವನು ಗಾಯಕನ ಮಾತಿನ ಜೊತೆ ಹೋಗುತ್ತಾನೆ. ಇನ್ನೂ ಒಂದು ವಿಷಯ ಇದೆ. ಅವನು ಎಡಗೈ ಮನುಷ್ಯ, ಆದರೆ ಬಲಗೈಯವರ ಹಾಗೆ ಜೋಡಿಸಿದ ಡ್ರಮ್ಸ್ ನುಡಿಸುತ್ತಾನೆ. ಹಾಗಾಗಿ ಟಾಮ್ ಅನ್ನೋ ಡ್ರಮ್‌ಗಳ ಮೇಲೆ ಉರುಳಿಸಿಕೊಂಡು ಹೋಗುವಾಗ ಕೈ ಒಂಚೂರು ತಡವಾಗಿ, ಒಂಚೂರು ವಿಚಿತ್ರವಾಗಿ ತಲುಪುತ್ತೆ. ನಾನು ಸಾಲುಗಳ ನಡುವೆ ತುಂಬುವ ಆ ಉರುಳಿಕೆಗಳನ್ನು ಎಡಗೈಯಿಂದ ಶುರು ಮಾಡಿ ನೋಡಿದೆ. ಮೊದಲು ಎರಡು ಕಡ್ಡಿ ಒಂದಕ್ಕೊಂದು ತಗುಲಿ ಒಂದು ಹಾರಿಹೋಯಿತು. ತಿಂಗಳಾದ ಮೇಲೆ ಸ್ವಲ್ಪ ಹತ್ತಿರ ಬಂತು.

ಸದ್ದಿನ ಕಥೆ ಬೇರೆ. ಈ ಆಲ್ಬಂನ ಡ್ರಮ್ಸ್ ಮೆತ್ತಗೆ, ದುಂಡಗೆ ಕೇಳುತ್ತೆ. ಅವರು ರೆಕಾರ್ಡ್ ಮಾಡುತ್ತಿದ್ದ ಇಎಂಐ ಸ್ಟುಡಿಯೋಗೆ ಆಗಷ್ಟೇ ವಾಲ್ವ್ ಬದಲು ಟ್ರಾನ್ಸಿಸ್ಟರ್ ಇರುವ ಹೊಸ ಮಿಕ್ಸಿಂಗ್ ಡೆಸ್ಕ್ ಬಂದಿತ್ತು, ಎಂಟು ಟ್ರ್ಯಾಕಿನ ಟೇಪ್ ಯಂತ್ರ ಬಂದಿತ್ತು. ಮೊದಲು ನಾಲ್ಕೇ ಟ್ರ್ಯಾಕಿನಲ್ಲಿ ಎಲ್ಲರನ್ನೂ ತುರುಕಬೇಕಿತ್ತು. ಈಗ ಕೆಲವು ಕಡೆ ಡ್ರಮ್ಸಿಗೇ ಎರಡು ಟ್ರ್ಯಾಕ್ ಸಿಕ್ಕಿತು. ಆದರೆ ನನಗೆ ಖುಷಿ ಕೊಟ್ಟ ವಿಷಯ ಅದಲ್ಲ. ರಿಂಗೋ ಆಗ ಡ್ರಮ್ಸಿಗೆ ಹೊಸದಾಗಿ ಕರುವಿನ ಚರ್ಮ ಹಾಕಿಸಿದ್ದ. ಆ ನಾದ ಹಿಡಿಸಿಯೇ ಇದರಲ್ಲಿ ಟಾಮ್‌ಗಳನ್ನು ಅಷ್ಟೊಂದು ಬಳಸಿದ ಅಂತ ಅವನೇ ಹೇಳಿದ್ದಾನೆ. ಚರ್ಮದ ಸುಖ ಮೃದಂಗದವರಿಗೆ ಹೇಳಿಕೊಡಬೇಕೇ? ಪ್ಲಾಸ್ಟಿಕ್ಕಿನ ಹಾಗೆ ಅದು ಕಿರುಚಲ್ಲ. ಆದರೆ ಮಳೆಗಾಲದಲ್ಲಿ ಶ್ರುತಿ ಇಳಿದು ಜೀವ ತಿನ್ನುತ್ತೆ. ನಮಗೆ ಚರ್ಮದ ಹೆಡ್ ತರಿಸೋಕೆ ದುಡ್ಡಿರಲಿಲ್ಲ. ರಿಂಗೋದೇ ಇನ್ನೊಂದು ಉಪಾಯ ಮಾಡಿದೆ: ಅಡುಗೆಮನೆಯ ಬಟ್ಟೆ. ಅವನು ಟೀ ಟವೆಲ್ ಹೊದಿಸುತ್ತಿದ್ದ, ನಾನು ಅಮ್ಮನ ಹಳೇ ಹತ್ತಿ ಸೀರೆ ಹರಿದು ಎರಡು ಮಡಿಕೆ ಮಾಡಿ ಟಾಮ್ ಮೇಲೆ ಹಾಕಿ, ಅಂಚಿಗೆ ಬಟ್ಟೆ ಕ್ಲಿಪ್ ಸಿಕ್ಕಿಸಿದೆ. ಒಂದು ಮಡಿಕೆ ಸಾಲದು, ಮೂರಾದರೆ ದಿಂಬು ಬಡಿದ ಹಾಗೆ. ಎರಡು ಸರಿ.

ಮುಂದಿನ ಹಾಡು ‘ಬಿಕಾಸ್’ ನಮ್ಮಿಂದ ಆಗಲಿಲ್ಲ ಅಂತ ಒಪ್ಪಿಕೊಂಡುಬಿಡುತ್ತೇನೆ. ಮೂರು ಜನ ಒಟ್ಟಿಗೆ ಹಾಡಿ, ಅದನ್ನೇ ಮೂರು ಸಲ ರೆಕಾರ್ಡ್ ಮಾಡಿ ಒಂಬತ್ತು ದನಿ ಮಾಡಿದ್ದಾರೆ. ನಮ್ಮಲ್ಲಿ ಶ್ರುತಿಗೆ ನಿಲ್ಲೋರು ಒಂದೂವರೆ ಜನ. ಕೀಬೋರ್ಡಿನಲ್ಲೇ ಹೇಗೋ ದಾಟಿಸಿದೆವು.

ಆಮೇಲಿನದು ಮೆಡ್ಲೆ, ಸುಮಾರು ಹದಿನಾರು ನಿಮಿಷ. ಅರ್ಧಂಬರ್ಧ ಬಿದ್ದಿದ್ದ ಹಾಡುಗಳನ್ನು ಮೆಕಾರ್ಟ್ನಿ, ಮಾರ್ಟಿನ್ ಸೇರಿ ಹೊಲಿದದ್ದು. ಒಂದು ನಡೆಯಿಂದ ಇನ್ನೊಂದಕ್ಕೆ ಜಾರುವ ಜಾಗಗಳು ಕಷ್ಟ, ಆದರೆ ಹತ್ತು ಸಲ ನುಡಿಸಿದರೆ ಕೈಗೆ ಬರುತ್ತೆ. ಮೆಡ್ಲೆಯ ಕೊನೆಯ ಹಾಡು ‘ದಿ ಎಂಡ್’ನಲ್ಲಿ ಡ್ರಮ್ ಸೋಲೋ ಇದೆ, ಬೀಟಲ್ಸ್ ರೆಕಾರ್ಡುಗಳಲ್ಲೆಲ್ಲ ರಿಂಗೋದು ಅದೊಂದೇ. ಪಾಪ, ತನಿ ಅಂದರೆ ಅವನಿಗೆ ಆಗುತ್ತಲೇ ಇರಲಿಲ್ಲ, ಒತ್ತಾಯ ಮಾಡಿ ನುಡಿಸಿದರು. ನುಡಿಸುವಾಗ ಜೊತೆಗೆ ಗಿಟಾರೂ ಇತ್ತು, ಮಿಕ್ಸ್ ಮಾಡುವಾಗ ಅದನ್ನು ತೆಗೆದರು. ಅದಾದ ಮೇಲೆ ಪಾಲ್, ಜಾರ್ಜ್, ಜಾನ್ ಒಬ್ಬರಾದ ಮೇಲೊಬ್ಬರು ಗಿಟಾರ್ ನುಡಿಸುತ್ತಾರೆ, ಮೂರು ಸುತ್ತು. ನಮ್ಮಲ್ಲಿ ಇರೋದು ಒಂದೇ ಗಿಟಾರ್. ಮೂರು ಜನರ ಪಾತ್ರ ಒಬ್ಬನೇ ಮಾಡಿದ, ಪ್ರತಿ ಸಲ ಪೆಡಲ್ ತುಳಿದು ದನಿ ಬದಲಾಯಿಸಿಕೊಂಡು, ಹರಿಕಥೆ ದಾಸರ ಹಾಗೆ.

ಸೆಪ್ಟೆಂಬರ್ 26 ಗುರುವಾರ. ಒಂದು ಸಣ್ಣ ಕೆಫೆ, ನಲವತ್ತು ಜನ ಇದ್ದರೇನೋ. ಮುಂದಿನ ಟೇಬಲ್ಲಿನಲ್ಲಿ ಒಬ್ಬ ಹಿರಿಯರು ಕೂತಿದ್ದರು, ಕಾಲಲ್ಲಿ ಬಾಟಾ ಚಪ್ಪಲಿ, ಮೊದಲಿನಿಂದಲೂ ತಾಳ ಹಾಕುತ್ತಿದ್ದರು. ಸಾಡೇಸಾತಿ ಬಂದಾಗ ನಾನು ಕಡ್ಡಿಯ ಕಡೆ ನೋಡದೆ ಆ ಚಪ್ಪಲಿಯನ್ನೇ ನೋಡುತ್ತಿದ್ದೆ. ಐದೂವರೆಗೆ ಚಪ್ಪಲಿ ನಮ್ಮಿಂದ ತಪ್ಪಿತು. ನಾಲ್ಕು ಅಕ್ಷರ ಉಲ್ಟಾ ಬಿತ್ತು. ಅವರಿಗೆ ಗೊತ್ತೇ ಆಗಲಿಲ್ಲ, ನಿಲ್ಲಿಸಲೂ ಇಲ್ಲ. ಮೂರೂವರೆ ಮುಗಿದಾಗ ಸರಿಯಾಗಿ ನನ್ನ ಕಿಕ್ ಡ್ರಮ್ಮಿನ ಪೆಟ್ಟಿನ ಮೇಲೇ ಬಂದು ಕೂತಿತು. ಸುತ್ತು ಸುತ್ತಿಗೂ ಹಾಗೇ. ಮೆಡ್ಲೆಯ ‘ಪಾಲಿಥೀನ್ ಪ್ಯಾಮ್’ನಲ್ಲಿ ಸೀರೆ ತುಂಡು ಜಾರಿ ನನ್ನ ಮಂಡಿ ಮೇಲೆ ಬಿತ್ತು, ಅದು ಬಿಟ್ಟರೆ ಬಚಾವು.

‘ದಿ ಎಂಡ್’ ಮುಗಿದಾಗ ಜನ ಚಪ್ಪಾಳೆ ತಟ್ಟಿದರು. ನಾವು ಕದಲಲಿಲ್ಲ. ಏಕೆಂದರೆ ಇನ್ನೊಂದು ಇದೆ, ‘ಹರ್ ಮೆಜೆಸ್ಟಿ’, ಅರ್ಧ ನಿಮಿಷವೂ ಇಲ್ಲ. ಅದು ಮೆಡ್ಲೆಯ ಮಧ್ಯದಲ್ಲಿತ್ತು, ಮೆಕಾರ್ಟ್ನಿ ಬೇಡ ಬಿಸಾಕಿ ಅಂದ. ಆದರೆ ಬೀಟಲ್ಸ್ ಟೇಪು ಏನನ್ನೂ ಬಿಸಾಕಬಾರದು ಅಂತ ಸ್ಟುಡಿಯೋ ಹುಡುಗನಿಗೆ ಅಪ್ಪಣೆ ಇತ್ತು. ಖಾಲಿ ಟೇಪ್ ಜೊತೆ ಅದನ್ನು ಕೊನೆಗೆ ಅಂಟಿಸಿಟ್ಟ. ಕೇಳಿದ ಮೆಕಾರ್ಟ್ನಿಗೆ ಅದೇ ಹಿಡಿಸಿಬಿಟ್ಟಿತು. ರೆಕಾರ್ಡಿನಲ್ಲಿ ನಡುವೆ ಸುಮಾರು ಹದಿನಾಲ್ಕು ಸೆಕೆಂಡ್ ಮೌನ.

ಆ ಹದಿನಾಲ್ಕು ಸೆಕೆಂಡನ್ನು ನಾವೂ ಬಿಟ್ಟೆವು. ಚಪ್ಪಾಳೆ ನಿಂತಿತು. ಯಾರೋ ಕೆಮ್ಮಿದರು. ವೇಟರ್ ಬಾಟಾ ಚಪ್ಪಲಿಯವರ ಮುಂದೆ ಬಿಲ್ ಇಟ್ಟ. ಆಗ ಗಿಟಾರಿಸ್ಟ್ ಶುರು ಮಾಡಿದ. ಟೇಪ್ ಕತ್ತರಿಸುವಾಗ ಆ ಹಾಡಿನ ಕೊನೆಯ ಸ್ವರ ಕಳೆದುಹೋಗಿದೆ, ಅವನೂ ಅದನ್ನು ನುಡಿಸಲಿಲ್ಲ. ನನಗೆ ಆ ಹಾಡಿನಲ್ಲಿ ಕೆಲಸವೇ ಇಲ್ಲ, ಕಡ್ಡಿ ಕೆಳಗಿಟ್ಟಿದ್ದೆ. ಆದರೂ ಬಲಗೈ ತೊಡೆಯಿಂದ ಮೇಲೆದ್ದು, ಬರದ ಸಮಕ್ಕಾಗಿ ಗಾಳಿಯಲ್ಲೇ ಕಾಯುತ್ತಿತ್ತು.